ಕಣಜದಲ್ಲಿ ಕೂತ ದುರ್ಗಿ

ಗಂಡನ ಹೆಸರು ಬಾಯಿಬಿಟ್ಟು ಹೇಳುವ ರೂಢಿ ನನಗಿಲ್ಲ. ಊರವರಿಗೆ ಅವರು ಚಂದ್ರಶೇಖರಪ್ಪ ಮಾಸ್ತರರು. ನಾನೂ ಮಾಸ್ತರರು ಎಂದೇ ಬರೆಯುತ್ತೇನೆ. ಬನವಾಸಿ ಹತ್ತಿರದ ನಮ್ಮ ಹಳ್ಳಿಯ ಶಾಲೆಯಲ್ಲೇ ಅವರ ನೌಕರಿಯೆಲ್ಲ ಕಳೆಯಿತು. ಕಲಿಸುವುದರಲ್ಲಿ ಎತ್ತಿದ ಕೈ. ಆದರೆ ಓದಿದ್ದೊಂದು ತಲೆಗೆ ಹೊಕ್ಕಿತೋ, ಕಣ್ಣೆದುರಿನ ಊರೇ ಅವರಿಗೆ ಕಾಣುತ್ತಿರಲಿಲ್ಲ. ಇದನ್ನು ಅವರ ಮುಖಕ್ಕೇ ಹೇಳಿದ್ದೇನೆ.

ಅರವತ್ತೊಂದರಲ್ಲಿ ರಷ್ಯಾದವನೊಬ್ಬ ಆಕಾಶದಲ್ಲಿ ಭೂಮಿ ಸುತ್ತಿ ಬಂದ ಸುದ್ದಿ ಪೇಪರಿನಲ್ಲಿ ಬಂತಲ್ಲ, ಅಂದಿನಿಂದ ಇವರಿಗೆ ಹುಚ್ಚು ಹಿಡಿಯಿತು. ಆ ವರ್ಷ ಶಾಲೆಯ ವಾರ್ಷಿಕ ಗ್ಯಾದರಿಂಗಿಗೆ ಮಕ್ಕಳು ಆಕಾಶಯಾನ ಮಾಡಿ ತೋರಿಸಬೇಕು. ನಾಟಕವಲ್ಲವಂತೆ, ನಿಜವಾದ ಯಾತ್ರಿಕನಿಗೆ ಆಗುವ ತಾಲೀಮೇ ಆಗಬೇಕಂತೆ. ಭತ್ತ ತುಂಬುವ ಹಳೆಯ ಬಿದಿರಿನ ಕಣಜವೊಂದನ್ನು ಹೊರಿಸಿಕೊಂಡು ಬಂದು ತರಗತಿಯ ಮೂಲೆಯಲ್ಲಿ ನಿಲ್ಲಿಸಿ, ಪಕ್ಕಕ್ಕೊಂದು ಕಿಂಡಿ ಕೊಯ್ದರು. ಅದೇ ನೌಕೆ. ಹುಡುಗರು ಹಲಗೆಯ ಮೇಲೆ ಎತ್ತರ, ವೇಗದ ಲೆಕ್ಕ ಹಾಕಿ, ಬೆಂಕಿಪೊಟ್ಟಣಕ್ಕೆ ದಾರ ಕಟ್ಟಿದ ಫೋನಿನಲ್ಲಿ ಒಳಗಿನವರಿಗೆ ಹೇಳಬೇಕು.

ಒಳಗೆ ಕೂರಲು ಆರಿಸಿದ್ದು ದುರ್ಗಿಯನ್ನು. ಏಳನೆಯ ಇಯತ್ತೆಯ ಹುಡುಗಿ, ಗೇಣಿ ಗದ್ದೆ ಮಾಡುವ ಚೌಡನ ಮಗಳು. ಲೆಕ್ಕದಲ್ಲಿ ಹುಡುಗರನ್ನೆಲ್ಲ ಹಿಂದೆ ಹಾಕುತ್ತಿದ್ದಳು, ಕತ್ತಲೆಗೆ ಹೆದರುತ್ತಿರಲಿಲ್ಲ. ಬೇಸಿಗೆಗೆ ಏಳನೆಯದರ ಮುಲ್ಕಿ ಪರೀಕ್ಷೆ. ಪಾಸಾದರೆ ಮುಂದೆ ಶಾಲೆಯಲ್ಲಿ ಕಲಿಸುವ ಅಕ್ಕೋರೇ ಆಗಬಹುದಿತ್ತು. ಅವರ ಕೇರಿಯ ಹೆಣ್ಣುಮಗಳೊಬ್ಬಳು ಅಲ್ಲಿಯತನಕ ಬಂದದ್ದೇ ಮೊದಲು. ಆದರೆ ಚೌಡನದೊಂದು ಕರಾರಿತ್ತು. ಮಗಳು ದೊಡ್ಡವಳಾಗುವವರೆಗೆ ಶಾಲೆ, ಆದ ಮರುದಿನ ಬಂದ್. ಹುಚ್ಚನೆಂಬ ಸೋದರಮಾವ ಅವಳನ್ನು ಮದುವೆಯಾಗಲು ಕಾದೇ ಕೂತಿದ್ದ. ಪರೀಕ್ಷೆ ಮೊದಲು ಬರುತ್ತದೋ, ಅದು ಮೊದಲು ಬರುತ್ತದೋ ಎಂದು ನನ್ನ ಜೀವ ಒದ್ದಾಡುತ್ತಿತ್ತು. ಮಾಸ್ತರರಿಗೆ ಇಂಥ ವಿಚಾರ ಹೊಳೆಯುತ್ತಲೇ ಇರಲಿಲ್ಲ.

ತಂಗಿಯ ಹೆರಿಗೆಗೆಂದು ನಾನು ಹಾನಗಲ್ಲಿಗೆ ಹೋಗಿದ್ದಾಗ ಕೊನೆಯ ತಾಲೀಮು ನಡೆಯಿತು. ಇಡೀ ದಿನ ದುರ್ಗಿ ಒಬ್ಬಳೇ ಕಣಜದಲ್ಲಿರಬೇಕು. ಚಾಪೆ, ತಟ್ಟೆ, ಚೊಂಬು ಎಲ್ಲ ಅವಳವೇ ಬೇರೆ. ಯಾರೂ ಮುಟ್ಟುವಂತಿಲ್ಲ. ಯಾತ್ರಿಕರಿಗೆ ತುಸು ತಿಂದರೂ ಶಕ್ತಿ ಕೊಡುವ ಆಹಾರ ಬೇಕೆಂದು, ಹುಡುಗರಿಂದ ಕುಟ್ಟಿಸಿದ ಎಳ್ಳು ಬೆಲ್ಲದ ಚಿಗಳಿ, ಜೊತೆಗೆ ಕೊಬ್ಬರಿ. ಅದನ್ನೂ ದೂರದಿಂದ ಕೋಲಿನಲ್ಲಿ ತಳ್ಳಬೇಕು. ಹೊರಗಿನವರು ಯಾರೇ ಮಾತಾಡಿಸಿದರೂ ಉತ್ತರ ಕೊಡಕೂಡದು. ಅಯ್ಯೋ ಶಿವನೇ, ಮೈನೆರೆದ ಹುಡುಗಿಯನ್ನು ನಮ್ಮ ಕಡೆ ಹೇಗೆ ಮೂಲೆಗೆ ಕೂರಿಸುತ್ತಾರೆ, ಏನು ತಿನ್ನಿಸುತ್ತಾರೆ ಎನ್ನುವುದು ಈ ಪುಣ್ಯಾತ್ಮರಿಗೆ ಗೊತ್ತಿರಲಿಲ್ಲವೆ? ಅಕ್ಕತಂಗಿಯರಿಲ್ಲದ ಮನೆಯಲ್ಲಿ ಬೆಳೆದವರು, ಖರೇನೇ ಗೊತ್ತಿರಲಿಲ್ಲ.

ನೀರಿಗೆ ಹೊರಟ ಹೆಂಗಸರು ಕಿಟಕಿಯಲ್ಲಿ ಇಣುಕಿದರು. ಜನ ನೋಡಲು ಬಂದರೆಂದು ಮಾಸ್ತರರಿಗೆ ಒಳಗೊಳಗೇ ಹೆಮ್ಮೆ. ಹೆಂಗಸರು ಏನಾಯಿತೆಂದು ಕೇಳಿದರೆ, ಗುರುಗಳ ಮಾತು ಮೀರದ ಹುಡುಗಿ ತಲೆ ತಗ್ಗಿಸಿ ಸುಮ್ಮನೆ ಕೂತಳು. ಇನ್ನೇನು ಬೇಕು? ಸುದ್ದಿ ಕೇರಿಗೆ ಮುಟ್ಟಿತು. ಸಂಜೆ ಅವಳು ಮನೆಗೆ ಬರುವಷ್ಟರಲ್ಲಿ ಹುಚ್ಚ ಅಂಗಳದಲ್ಲಿ ಹಸಿ ಸೊಪ್ಪಿನ ಗುಡ್ಲು ಕಟ್ಟಿ ಮುಗಿಸಿದ್ದ. ಏನೂ ಆಗಿಲ್ಲವೆಂದು ಅತ್ತರೆ, ಶಾಲೆಯ ಆಸೆಗೆ ಸುಳ್ಳು ಹೇಳುತ್ತಾಳೆಂದು ಎಲ್ಲರೂ ನಕ್ಕು ಆರತಿ ಎತ್ತಿದರು.

ಊರಿಗೆ ಬಂದವಳೇ ನಾನು ಅವಳ ತಾಯಿ ಚೌಡಮ್ಮನ ಹತ್ತಿರ ಓಡಿದೆ.

“ಏನೂ ಆಗಿಲ್ಲ ಅಂತ ನಂಗೂ ಗೊತ್ತೈತ್ರಿ ಅಮ್ಮಾ,” ಎಂದಳು. “ಕುಲದೋರೆಲ್ಲ ಆರ್ತಿ ಎತ್ತಿ ಹೋದ್ರು. ಈಗ ಅದು ಸುಳ್ಳು ಅಂದ್ರೆ ಹುಡುಗಿ ಮ್ಯಾಲೆ ಏನೇನು ಹೇಳ್ತಾರೋ.”

ಅವಳ ಹೆದರಿಕೆ ಖರೆಯದೇ. ಮಾಸ್ತರರು ಚೌಡನ ಅಂಗಳದಲ್ಲಿ ನಿಂತು, ತಪ್ಪು ತನ್ನದು, ಪರೀಕ್ಷೆಯೊಂದನ್ನು ಬರೆಸು ಎಂದು ಕೈಮುಗಿದರು. ಹೆಣ್ಣುಮಕ್ಕಳ ಸುದ್ದಿ ನಿಮಗೆ ಯಾಕೆ ಎಂದ ಚೌಡ. ಇವರು ಚಪ್ಪಲಿ ಮೆಟ್ಟಿ ಮನೆಗೆ ಬಂದರು.

ಆಕಾಶಯಾನ ಅಲ್ಲಿಗೇ ನಿಂತಿತು. ಮಾರ್ಚಿನಲ್ಲಿ ಮಾಸ್ತರರು ಹುಡುಗರನ್ನಷ್ಟೇ ಬಸ್ಸಿನಲ್ಲಿ ಶಿರಸಿಗೆ ಪರೀಕ್ಷೆಗೆ ಕರೆದೊಯ್ದರು. ಅವರಲ್ಲಿ ಇಬ್ಬರು ಮುಂದೆ ಮಾಸ್ತರರಾದರು. ಲೆಕ್ಕದಲ್ಲಿ ದುರ್ಗಿಯನ್ನು ಕೇಳಿಕೊಂಡು ಬರೆಯುತ್ತಿದ್ದ ಪೋರರು ಅವರು!

ಪರೀಕ್ಷೆ ಕಳೆದು ಆ ವರ್ಷದ ದೀಪಾವಳಿಯ ಹೊತ್ತಿಗೆ ಚೌಡಮ್ಮ ಬಾವಿಯ ಹತ್ತಿರ ನನ್ನ ಕಿವಿಯಲ್ಲಿ ಹೇಳಿದಳು: ಹುಡುಗಿ ನಿಜವಾಗಿ ದೊಡ್ಡವಳಾದದ್ದು ಮೊನ್ನೆ. ಯಾರಿಗೂ ತಿಳಿಸದೆ ಮುಚ್ಚಿಟ್ಟಿದ್ದರು. ಮದುವೆಯ ದಿನ ಆಗಲೇ ನಿಶ್ಚಯವಾಗಿತ್ತು.

ಹೇಳದೆ ಇರಲಾರದೆ ಮಾಸ್ತರರಿಗೆ ಹೇಳಿದೆ. ಉಣ್ಣುತ್ತಿದ್ದವರು ತಟ್ಟೆ ಪಕ್ಕಕ್ಕೆ ಸರಿಸಿದರು.

“ಹಂಗಾದ್ರ ಪರೀಕ್ಷೆ ಬರೀತಿದ್ಲು,” ಎಂದರು.

ಹೌದು ಎಂದೆ. ಸಮಾಧಾನಕ್ಕಾದರೂ ಬೇರೆ ಏನು ಹೇಳಲಿ?