ಉಣ್ಣೆಗೆ ಹಚ್ಚಿದ ಭಂಡಾರ

ನಮ್ಮ ಕುರಿಗಳ ಉಣ್ಣೆಯಿಂದ ಜೆಲ್ ಮಾಡುತ್ತೇನೆ ಎಂದಾಗ ನಮ್ಮೂರು ಹುನ್ನೂರಿನಲ್ಲಿ ನಗದವರೇ ಇರಲಿಲ್ಲ. ನಕ್ಕರೆ ನಗಲಿ! ಉಣ್ಣೆ ಗಟ್ಟಿಯಾಗಿರುವುದು ಸಿಸ್ಟೀನ್ ಎಂಬ ಅಮೈನೋ ಆಮ್ಲದಿಂದ. ಒಂದು ಎಳೆಯ ಸಿಸ್ಟೀನಿನ ಗಂಧಕ ಪಕ್ಕದ ಎಳೆಯ ಗಂಧಕದ ಕೈ ಹಿಡಿದು ಕೂತಿರುತ್ತದೆ. ಆ ಕೈ ಬಿಡಿಸಿದರೆ ಉಣ್ಣೆ ಕರಗುತ್ತದೆ. ಮತ್ತೆ ಹಿಡಿಸಿದರೆ ನೀರನ್ನು ಒಳಗಿಟ್ಟುಕೊಂಡು ಜೆಲ್ ಆಗುತ್ತದೆ. ಅದರೊಳಗೆ ಜೀವಕೋಶಗಳನ್ನು ಬೆಳೆಸುವುದು ನನ್ನ ಸಂಶೋಧನೆ. ಬಿಡಿಸುವ ರಾಸಾಯನಿಕಕ್ಕೆ ಕೊಳೆತ ಮೊಟ್ಟೆಯ ನಾತ. ಲ್ಯಾಬಿನ ಗೆಳತಿಯರು ನನ್ನನ್ನು ಕಂಡರೆ ಮೂಗು ಮುಚ್ಚುತ್ತಿದ್ದರು.

ಆದರೆ ಕೋಶಗಳು ಬದುಕುತ್ತಿರಲಿಲ್ಲ. ಬಣ್ಣ ಹಾಕಿ ನೋಡಿದರೆ ಬದುಕಿದವು ಹಸಿರಾಗಿ, ಸತ್ತವು ಕೆಂಪಗೆ ಹೊಳೆಯುತ್ತವೆ. ನನಗೆ ಬರೀ ಕೆಂಪು.

"ಇನ್ನೊಮ್ಮೆ ನೋಡೂಣು. ಆಗಲಿಲ್ಲಂದ್ರ ಉಣ್ಣಿ ಬಿಡು, ಬ್ಯಾರೆ ವಿಷಯ ತಗೋ," ಎಂದರು ನನ್ನ ಗೈಡ್ ಸರ್.

ಉಣ್ಣೆ ಬಿಡುವುದೇ? ಹಿಂದಿನದನ್ನು ಕುರಿಹಟ್ಟಿಯಿಂದ ನಾನೇ ತಂದಿದ್ದೆ; ಈಗ ಅವ್ವನಿಗೆ ಹೇಳಿ ಊರಿಂದ ಬಿಳಿ ಕುರಿಯ ಹೊಸ ಉಣ್ಣೆ ತರಿಸಿದೆ.

ಈ ಸಲ ಸೂಕ್ಷ್ಮದರ್ಶಕದಲ್ಲಿ ಹಸಿರೇ ಹಸಿರು! ಮೂಲೆಮೂಲೆಯೂ ಹಸಿರು! ಗೆಳತಿಯರನ್ನು ಎಳೆದುಕೊಂಡು ಕುಣಿದುಬಿಟ್ಟೆ. ಸರ್ ಬಂದು ನೋಡಿ, "ಕೋಶ ಹಾಕದ ಜೆಲ್ ಇಡವಾ," ಎಂದರು. ಇಟ್ಟೆ. ಅದೂ ಹಸಿರು.

ಅವ್ವನಿಗೆ ಫೋನ್ ಹಚ್ಚಿದೆ. "ಯವ್ವಾ, ಉಣ್ಣಿಗೆ ಏನರ ಹಚ್ಚೀಯೇನ?"

"ಭಂಡಾರ ಹಚ್ಚೇನಿ. ಬೀರಪ್ಪನ ಭಂಡಾರ ಬೀಳದ ನಮ್ಮ ಮನಿಯಿಂದ ಏನರ ಹೊರಗ ಹೊಕ್ಕೈತೇನ?"

ಭಂಡಾರವೆಂದರೆ ನಮ್ಮ ಮನೆದೇವರ ಅರಿಷಿಣದ ಪುಡಿ. ಉಣ್ಣೆಗೆ ಹತ್ತಿದರೆ ತೊಳೆದರೂ ಬಿಡುವುದಿಲ್ಲ, ಸೂಕ್ಷ್ಮದರ್ಶಕದ ನೀಲಿ ಬೆಳಕಿನಲ್ಲಿ ಅದೂ ಹಸಿರಾಗಿಯೇ ಹೊಳೆಯುತ್ತದೆ. ಅಳಬೇಕೆಂದುಕೊಂಡೆ, ನಗು ಬಂತು. ಸರ್ ಕೂಡ ನಕ್ಕು ಕಡೆಯದೊಂದು ಅವಕಾಶ ಕೊಟ್ಟರು.

ನಾನೇ ಊರಿಗೆ ಹೋದೆ.

"ದೇವರ ಭಂಡಾರ ಬ್ಯಾಡಂತೀಯೇನ, ಹುಚ್ಚಿ?" ಅವ್ವ ಕಣ್ಣು ಬಿಟ್ಟಳು.

"ಉಣ್ಣಿಗೆ ಬ್ಯಾಡ ಬೇ!"

"ಹಂಗಾರ ನಿನಗ ಹಚ್ತೀನಿ." ನನ್ನ ಹಣೆತುಂಬ ಬಳಿದು, ಒಂದು ಪೊಟ್ಟಣವನ್ನೂ ಕೈಗಿಟ್ಟಳು. "ಕೆಲಸ ಆಗೂತನ ದಿನಾ ಹಚ್ಕೋ."

ಮುಧೋಳದ ಬಸ್ಸಿನಲ್ಲಿ ಕಂಡಕ್ಟರ್, "ಭಂಡಾರ ಭಾರೀ ಐತ್ರೀ ಅಕ್ಕಾರ," ಎಂದ. ಉಣ್ಣೆಯ ಚೀಲವನ್ನು ಅವುಚಿಕೊಂಡು ಹಲ್ಲು ಕಿರಿದೆ.

ಈ ಸಲ ಕರಗಿಸಿದ ಉಣ್ಣೆಯನ್ನು ತೆಳು ಪೊರೆಯ ಚೀಲದಲ್ಲಿ ತುಂಬಿ ನೀರಿನಲ್ಲಿಟ್ಟು, ಆ ನೀರನ್ನು ನಾತ ಪೂರ್ತಿ ಹೋಗುವವರೆಗೂ ಬದಲಿಸಿದೆ. ಹಿಂದೆ ಕೋಶಗಳನ್ನು ಕೊಂದದ್ದು ಉಳಿದ ಆ ರಾಸಾಯನಿಕವೇ ಇರಬೇಕೆಂಬ ಗುಮಾನಿ ನನಗಿತ್ತು. ಮೊದಲು ಖಾಲಿ ಜೆಲ್ ಇಟ್ಟು ನೋಡಿದೆ: ಕಗ್ಗತ್ತಲು. ಆಹಾ, ಕತ್ತಲು ಕಂಡು ಅಷ್ಟು ಖುಷಿ ಎಂದೂ ಆಗಿರಲಿಲ್ಲ! ಆಮೇಲೆ ಕೋಶ ಹಾಕಿದ್ದನ್ನು ಇಟ್ಟೆ. ಕತ್ತಲಲ್ಲಿ ಹಸಿರು ಕೋಶಗಳು ಕೈಕಾಲು ಚಾಚಿ ಮಲಗಿದ್ದವು.

"ಬದುಕ್ಯಾವ್ರೀ ಸರ್! ಬದುಕ್ಯಾವು!"

ಸರ್ ನನ್ನನ್ನು ಸರಿಸಿ ಕಣ್ಣಿಟ್ಟರು. ಹುಬ್ಬು ಒತ್ತಿ ಹಿಡಿದು ಮೂಲೆಮೂಲೆ ನೋಡಿದರು. "ಭಲೇ! ಉಣ್ಣಿ ಬಿಡಬ್ಯಾಡವಾ," ಎಂದು ತಲೆ ಎತ್ತಿದರು. ಅಷ್ಟರಲ್ಲಿ ಅವ್ವನ ಫೋನ್.

"ಕೆಲಸ ಆತೇನ? ಭಂಡಾರ ಹಚ್ಕೊಂಡಿದ್ದಿಲ್ಲೋ?"

ದಿನಾ ಹಚ್ಚಿಕೊಂಡಿದ್ದ ನನ್ನ ಹಣೆಯ ಭಂಡಾರ ಸೂಕ್ಷ್ಮದರ್ಶಕಕ್ಕೆ ಹತ್ತಿ, ಅಲ್ಲಿಂದ ಸರ್ ಹುಬ್ಬಿಗೆಲ್ಲ ಹಳದಿ ಬಳಿದಿತ್ತು.

"ಆತು ಯವ್ವಾ," ಎಂದೆ, ನಗು ತಡೆಯಲಾರದೆ. "ನಾನೂ ಹಚ್ಕೊಂಡೇನಿ, ಸರ್‌ಗೂ ಹಚ್ಚೇನಿ!"