ಎರಡಾದ ಕಪ್ಪು ಗೆರೆ

ಶಿಗ್ಗಾವಿಯ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ನನ್ನ ಮನೆಯ ಸುತ್ತ ಬೀದಿದೀಪಗಳ ಕಾಟ. ಹಾಗಾಗಿ ದೂರದರ್ಶಕವನ್ನು ಹಿರೇಬೆಂಡಿಗೇರಿಯಲ್ಲಿರುವ ಅಕ್ಕನ ಮನೆಯ ಮಾಳಿಗೆ ಮೇಲೆ ಇಟ್ಟುಕೊಂಡಿದ್ದೆ.

ಆ ಚಳಿಗಾಲದಲ್ಲಿ ವಿಜಯ ಸಾರಥಿ ಪುಂಜದ ಒಂದು ನಕ್ಷತ್ರದ ಬೆನ್ನು ಬಿದ್ದಿದ್ದೆ. ಕಣ್ಣಿಗೆ ಒಂದೇ, ಅಸಲಿಗೆ ಎರಡು. ಸುಮಾರು ನಾಲ್ಕು ದಿನಕ್ಕೊಂದು ಸುತ್ತು ಹಾಕುತ್ತ ಒಂದಕ್ಕೊಂದು ಅಡ್ಡ ಬರುತ್ತವೆ. ಆಗ ಬೆಳಕು ತುಸು ಮಂಕಾಗುತ್ತದೆ. ದೂರದರ್ಶಕಕ್ಕೆ ಜೋಡಿಸಿದ ಉಪಕರಣದಲ್ಲಿ ಆ ಬೆಳಕನ್ನು ಬಣ್ಣಗಳಾಗಿ ಬಿಡಿಸಿದರೆ ನಡುವೆ ಕಪ್ಪು ಗೆರೆಗಳು ಕಾಣುತ್ತವೆ. ಒಂದು ನಕ್ಷತ್ರ ನಮ್ಮ ಕಡೆಗೆ, ಇನ್ನೊಂದು ನಮ್ಮಿಂದ ದೂರಕ್ಕೆ ಓಡುವಾಗ ಪ್ರತಿ ಗೆರೆಯೂ ಸೀಳಿ ಎರಡಾಗಬೇಕು.

ಒಂದು ಸೋಮವಾರ ರಾತ್ರಿ ಗೆರೆ ಎರಡಾಗಿ ಕಂಡಿತು. ಹಿಗ್ಗಿನಲ್ಲಿ ಚಿತ್ರವನ್ನು ಹವ್ಯಾಸಿ ವೀಕ್ಷಕರ ಗುಂಪಿಗೆ ಕಳಿಸಿಬಿಟ್ಟೆ.

ಮರುದಿನ ಬೆಳಿಗ್ಗೆ ಗುಂಪಿನ ಹಿರಿಯರೊಬ್ಬರು ಬರೆದರು: "ದೀಪದ ಚಿತ್ರ ಎಲ್ಲೈತ್ರಿ?"

ನಕ್ಷತ್ರದ ಚಿತ್ರ ತೆಗೆಯುವ ಮೊದಲೂ ಆಮೇಲೂ ಒಂದು ಪುಟ್ಟ ದೀಪದ ಬೆಳಕನ್ನೂ ಅದೇ ಉಪಕರಣದಲ್ಲಿ ಸೆರೆಹಿಡಿಯಬೇಕು. ದೀಪದ ಗೆರೆಗಳೂ ಎರಡಾಗಿ ಕಂಡರೆ ತಪ್ಪು ಉಪಕರಣದ್ದು. ನಾನು ಮರೆತಿದ್ದೆ. ಮಂಗಳವಾರ ನಕ್ಷತ್ರಗಳು ಒಂದಕ್ಕೊಂದು ಅಡ್ಡ ಬಂದು ಗೆರೆಗಳು ಕೂಡುವ ದಿನ, ನೋಡಿ ಉಪಯೋಗವಿಲ್ಲ. ಅವು ಮತ್ತೆ ಎರಡಾಗುವ ಬುಧವಾರದವರೆಗೆ ಕಾಯಬೇಕು. "ಸೋಮವಾರದ್ದು ಸದ್ಯಕ್ಕ ಲೆಕ್ಕಕ್ಕ ಹಿಡೀಬ್ಯಾಡ್ರಿ" ಎಂದು ಬರೆದು ಹಾಕಿದೆ. ಆ ದಿನ ತರಗತಿಯಲ್ಲಿ ಒಂದೇ ಸಮೀಕರಣವನ್ನು ಎರಡು ಸಲ ತಪ್ಪು ಬರೆದೆ.

ಬುಧವಾರ ಸಂಜೆ ಅಕ್ಕನ ಮನೆಗೆ ಹೋದರೆ ಮಾಳಿಗೆ ತುಂಬ ಮೆಣಸಿನಕಾಯಿ ಒಣಹಾಕಿತ್ತು.

"ಇವತ್ತೊಂದಿನ ಬಿಟ್ರ ನಡಿಯಾಂಗಿಲ್ಲೇನ?" ಎಂದಳು ಅಕ್ಕ.

"ಇಲ್ಲಕ್ಕಾ. ನಾ ಹೇಳಿದ್ದು ಖರೇನೋ ಸುಳ್ಳೋ ನನಗ ಗೊತ್ತಾಗಬೇಕು."

ಅವಳು ತಾಡಪತ್ರಿ ತಂದು ಹಾಸಿದಳು. ಇಬ್ಬರೂ ಕೆಮ್ಮುತ್ತ ಕಾಯಿಯನ್ನು ತಾಡಪತ್ರಿಗೆ ಬಳಿದೆವು. ಘಾಟಿಗೆ ಕಣ್ಣೀರು ಸುರಿಯುತ್ತಿತ್ತು. ಕತ್ತಲಾಗುವ ಹೊತ್ತಿಗೆ ತೆಳು ಮೋಡ ಬೇರೆ ಹಬ್ಬಿತು. ಮೊದಲು ದೀಪದ ಚಿತ್ರ ತೆಗೆದೆ. ಆಮೇಲೆ ನಕ್ಷತ್ರ. ಮೊದಲೆರಡು ಚಿತ್ರಗಳನ್ನು ಮೋಡ ನುಂಗಿತು. ಮೂರನೆಯದು ಮುಗಿಯುವವರೆಗೆ ಮೋಡ ಅಡ್ಡ ಬರಲಿಲ್ಲ. ಮತ್ತೆ ದೀಪ.

ಲ್ಯಾಪ್‌ಟಾಪಿನಲ್ಲಿ ನನಗೆ ಎರಡು ಗೆರೆ ಕಂಡವು. ಆದರೆ ನಾನು ಕಾಣಬಯಸಿದ್ದೂ ಅದನ್ನೇ ಅಲ್ಲವೇ? ನನಗೆ ಕಂಡದ್ದನ್ನು ಹೇಳದೆ ಅಕ್ಕನನ್ನು ಕರೆದು ಒಂದು ಗೆರೆಯ ಜಾಗ ತೋರಿಸಿದೆ.

"ಇಲ್ಲಿ ಎಷ್ಟು ಗೆರಿ ಅದಾವ ನೋಡು."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಬಗ್ಗಿದಳು. "ಎರಡ ಅದಾವಲ್ಲ. ಯಾಕ?"

"ಈ ದೀಪದ್ದರಾಗ?"

"ಇದರಾಗ ಒಂದ. ಮುಗೀತೇನ? ಚಳಿ ಐತಿ, ಕೆಳಗ ಬಾ."

ಎಲ್ಲ ಚಿತ್ರಗಳನ್ನೂ ಕಳಿಸಿದೆ. ಮರುದಿನ ಊಟದ ಬಿಡುವಿನಲ್ಲಿ ಉತ್ತರ ಬಂತು: "ಬುಧವಾರದ್ದು ತಗೊಂಡೇವ್ರಿ. ಸೋಮವಾರದ್ದು ಬಿಟ್ಟೇವಿ."

ಸೋಮವಾರದ್ದೂ ನಿಜವೇ ಇದ್ದಿರಬೇಕು. ವಾದಿಸುವ ಮನಸ್ಸಾಗಲಿಲ್ಲ. ಸ್ಟಾಫ್ ರೂಮಿನಲ್ಲಿ ಆ ಸಾಲನ್ನು ಮೂರು ಸಲ ಓದಿ, ಎರಡು ದಿನಗಳ ನಂತರ ಮೊದಲ ಬಾರಿಗೆ ಹೊಟ್ಟೆ ತುಂಬ ರೊಟ್ಟಿ ತಿಂದೆ.