ಕಂಡಕ್ಟರನ ಎಡಗೈ

ಗಂಗರಾಜು ಈ ಶ್ರಾವಣದ ಎರಡನೇ ಸೋಮವಾರ ತೀರಿಕೊಂಡ. ಗುಬ್ಬಿ ದಾಟಿ ಚೇಳೂರು ಸೇರುವ ಮೊದಲೇ, ಆಸ್ಪತ್ರೆಯಿಂದ ಮನೆಗೆ ಕರೆತರುತ್ತಿದ್ದ ವ್ಯಾನಿನಲ್ಲಿ. ಗಂಟಲಿನ ಕ್ಯಾನ್ಸರ್. ಐವತ್ತಾರು ವರ್ಷ. ಹೆಂಡತಿ ಪ್ರಮೀಳಾ ಪಕ್ಕದಲ್ಲಿದ್ದಳು.

ಆ ರಸ್ತೆಯಲ್ಲಿ ಅವನು ಇಪ್ಪತ್ತಾರು ವರ್ಷ ದಿನಕ್ಕೆ ಆರು ಸಲ ಓಡಾಡಿದ್ದ. ಚೇಳೂರಿನಿಂದ ಗುಬ್ಬಿ ಮೇಲೆ ತುಮಕೂರಿಗೆ ಹೋಗುವ ಖಾಸಗಿ ಬಸ್ಸಿಗೆ ಕಂಡಕ್ಟರ್. ಬೆಳಗ್ಗೆ ಆರೂಕಾಲಿಗೆ ಅವನು "ತುಮ್ಕೂರ್, ತುಮ್ಕೂರ್, ತುಮ್ಕೂರ್" ಎಂದು ಕೂಗಿದರೆ ಅರ್ಧ ಮೈಲಿ ಆಚೆ ತೋಟದ ಮನೆಯಲ್ಲಿ ಪ್ರಮೀಳಾ ಒಲೆಗೆ ಎಸರಿಡುತ್ತಿದ್ದಳು. ಗೋಡೆ ಗಡಿಯಾರ ನಿಂತುಹೋದ ಮೇಲೆ ಅದಕ್ಕೆ ಸೆಲ್ ಹಾಕಿಸಲೇ ಇಲ್ಲ. "ಹಾರ್ನ್ ಕೆಟ್ಟೋದ್ರೆ ಕೆಟ್ಟೋಗ್ಲಿ ಬುಡು, ಗಂಗಣ್ಣ ಅವ್ನಲ್ಲ" ಎನ್ನುತ್ತಿದ್ದ ಡ್ರೈವರ್ ರಾಮಾಂಜಿನಯ್ಯ.

ಹೋದ ವರ್ಷಕ್ಕೂ ಹಿಂದಿನ ದೀಪಾವಳಿಯ ಹೊತ್ತಿಗೆ ಆ ದನಿ ಒಡೆಯಿತು. ಕೂಗಿ ಕೂಗಿ ಹಾಗಾಗಿದೆ ಎಂದು ಮೆಣಸು ಅಗಿದ, ಜ್ಯೇಷ್ಠಮಧು ಚೀಪಿದ. ಸಂಕ್ರಾಂತಿ ಕಳೆದರೂ ಸರಿಹೋಗದಿದ್ದಾಗ ತುಮಕೂರಿನ ಆಸ್ಪತ್ರೆಯಲ್ಲಿ ಕೊಳವೆ ಇಳಿಸಿ ನೋಡಿದರು. ಮೂವತ್ಮೂರು ದಿನ ರೇಡಿಯೇಶನ್ ಕೊಡಬೇಕು, ರೋಗ ಅದಕ್ಕೆ ಬಗ್ಗಿದರೆ ಗಂಟಲು ಉಳಿಯುತ್ತದೆ, ಬಗ್ಗದಿದ್ದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಗುತ್ತದೆ ಎಂದರು ಡಾಕ್ಟರು. ಗಂಗರಾಜು ಬದುಕುತ್ತೀನೋ ಇಲ್ಲವೋ ಎಂದು ಕೇಳಲಿಲ್ಲ.

"ಮತ್ತೆ ಬಸ್ಸಲ್ಲಿ ಕೂಗ್ಬೋದಾ ಸಾರ್?"

"ಈಗ ಬಾಯಿ ಮುಚ್ಕೊಂಡಿರಿ. ಆಮೇಲೆ ನೋಡೋಣ."

ತುಮಕೂರಿನಲ್ಲೇ, ಬಟವಾಡಿಯಲ್ಲಿ ಒಂದು ರೂಮು ಹಿಡಿದರು. ಒಂದು ಮಂಚ, ಒಂದು ಚಾಪೆ, ಒಂದು ಗ್ಯಾಸ್ ಒಲೆ. ಸೋಮವಾರದಿಂದ ಶುಕ್ರವಾರದವರೆಗೆ ಬೆಳಗ್ಗೆ ಹತ್ತಕ್ಕೆ ಮುಖದ ಮೇಲೆ ಬಲೆಯಂಥ ಮುಖವಾಡ ಹಾಕಿ ಮೇಜಿಗೆ ಬಿಗಿಯುತ್ತಿದ್ದರು. ಕಾಲು ಗಂಟೆಯಲ್ಲಿ ಮುಗಿಯುತ್ತಿತ್ತು. "ಕೋಳಿ ಮೇಲೆ ಮಂಕರಿ ಕವುಚ್ದಂಗೆ ಕಣೇ" ಎಂದ ಮೊದಲ ದಿನ ಹೊರಗೆ ಬಂದು, ಪಿಸುದನಿಯಲ್ಲಿ. ಆಮೇಲೆ ಇಡೀ ದಿನ ಖಾಲಿ. ರೂಮಿನಲ್ಲಿ ಕೂತರೆ ಇಬ್ಬರೂ ಒಬ್ಬರ ಮುಖವನ್ನು ಇನ್ನೊಬ್ಬರು ನೋಡುತ್ತ ಕೂರುವಂತಾಗುತ್ತಿತ್ತು.

ಮೂರನೆಯ ದಿನ ಪ್ರಮೀಳಾ, "ನಡೀರಿ, ನಿಮ್ಮ ತುಮ್ಕೂರ್ ತೋರ್ಸಿ" ಎಂದಳು. ಗಂಗರಾಜು ಚಪ್ಪಲಿ ಹುಡುಕುವವನಂತೆ ಬಗ್ಗಿದ. ಬಗ್ಗಿಕೊಂಡೇ, ತಾನೂ ಊರು ನೋಡಿಲ್ಲ ಎಂದು ಒಪ್ಪಿಕೊಂಡ. ಇಪ್ಪತ್ತಾರು ವರ್ಷದಲ್ಲಿ ಅವನು ನೋಡಿದ್ದ ತುಮಕೂರು ಎಂದರೆ ಬಸ್‌ಸ್ಟ್ಯಾಂಡು, ಅದರ ಮೂಲೆಯ ಟೀ ಅಂಗಡಿ, ಹಿಂದಿನ ಗೋಡೆ. ಹದಿನೈದು ನಿಮಿಷ ನಿಲ್ಲಿಸುವುದು, ಟೀ ಕುಡಿಯುವುದು, "ಗುಬ್ಬಿ, ಚೇಳೂರ್" ಎಂದು ಕೂಗುವುದು.

"ಮತ್ತೆ ಊರೋರಿಗೆಲ್ಲ ಹಂಗ್ ಹೋಗಿ ಹಿಂಗ್ ಹೋಗಿ ಅಂತ ದಾರಿ ಹೇಳ್ತಿದ್ರಿ?"

"ರಾಮಾಂಜಿ ಹೇಳಿದ್ದು, ಅವ್ರಿವ್ರು ಹೇಳಿದ್ದು. ಅದನ್ನೇ ಹೇಳ್ತಿದ್ದೆ."

ಅಮಾನಿಕೆರೆಗೆ ಹೊರಟರು. ಗೊತ್ತಿದ್ದ ಜಾಗದಿಂದಲೇ ಶುರುಮಾಡೋಣ ಎಂದು ಗಂಗರಾಜು ಅವಳನ್ನು ಸಿಟಿ ಬಸ್ಸಿನಲ್ಲಿ ಮೊದಲು ಸ್ಟ್ಯಾಂಡಿಗೆ ಕರೆದುಕೊಂಡು ಹೋದ. ಅಲ್ಲಿಂದ ನಡಿಗೆ. ಕೂಗುವ ಹಾಗಿಲ್ಲವಾದ್ದರಿಂದ ಏನಾದರೂ ಹೇಳಬೇಕಾದರೆ ಎರಡು ಹೆಜ್ಜೆ ಮುಂದೆ ಹೋಗಿ, ತಿರುಗಿ, ಅವಳಿಗೆ ಎದುರಾಗಿ ನಿಂತು ಹೇಳುತ್ತಿದ್ದ. ಬಸ್ಸಿನಲ್ಲಿ ನಿಂತ ಹಾಗೆಯೇ. ಸರ್ಕಲ್ಲಿನಲ್ಲಿ ಹಾಗೆ ತಿರುಗಿ ನಿಂತು ಎಡಗೈ ಎತ್ತಿದ. ಪ್ರಮೀಳಾ ಆ ಕೈ ಹೋದ ದಿಕ್ಕಿಗೆ ಸರಸರ ನಡೆದಳು. ಅವನು ಏದುಸಿರು ಬಿಡುತ್ತ ಹಿಂಬಾಲಿಸಿದ. ಬಿಸಿಲಲ್ಲಿ ಬಹಳ ದೂರ ನಡೆದ ಮೇಲೆ ರಸ್ತೆ ಒಂದು ಮರದ ಡಿಪೋ ಮುಂದೆ ನಿಂತುಹೋಯಿತು. ಬಾಗಿಲಲ್ಲಿ ಒಬ್ಬ ಮುದುಕಿ ಸೌತೆಕಾಯಿ ಮಾರುತ್ತಿದ್ದಳು.

"ಅಜ್ಜಿ, ಕೆರೆ ಪಾರ್ಕ್ ಎಲ್ಲಿ?"

ಮುದುಕಿ ಇಬ್ಬರನ್ನೂ ನೋಡಿದಳು. "ಚೇಳೂರ್ ಬಸ್ಸಲ್ಲಿ ಬಂದ್ರಾ?"

"ಹೆಂಗ್ ಗೊತ್ತಾಯ್ತು?"

"ಆ ಬಸ್ಸಿನೋರೇ ತಾಯಿ ಇಲ್ಲಿಗ್ ಬಂದು ಬಂದು ನಿಲ್ಲೋದು. ಯಾವನೋ ಕಂಡಕ್ಟ್ರು ಇತ್ತಾಗೆ ಕೈ ತೋರಿಸ್ತಾನಂತೆ. ಅವನ್ ದೆಸೆಯಿಂದ ನಂಗ್ ವ್ಯಾಪಾರ. ಒಳ್ಳೇದಾಗ್ಲಿ ಅವನ್ಗೆ."

ಪ್ರಮೀಳಾಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಡಿಪೋ ಕಟ್ಟೆಯ ಮೇಲೆ ಕೂತುಬಿಟ್ಟಳು. ಗಂಗರಾಜು ಅವಮಾನದಿಂದ ಕೆಂಪಾಗಿದ್ದ.

"ನಾನ್ ಎಡಕ್ಕೆ ಅಂದೆ. ನೀನ್ ಯಾಕ್ ಬಲಕ್ಕೆ ಬಂದೆ?"

"ನೀವ್ ಅಂದಿದ್ದು ಎಲ್ಲಿ ಕೇಳುಸ್ತು? ಕೈ ನೋಡ್ಕೊಂಡ್ ಬಂದೆ."

ಅವನು ತನ್ನ ಎಡಗೈಯನ್ನು ಎತ್ತಿ ನೋಡಿಕೊಂಡ. ಅವಳಿಗೆ ಎದುರಾಗಿ ನಿಂತ, ಬೆನ್ನು ತಿರುಗಿಸಿ ನಿಂತ, ಮತ್ತೆ ಎದುರಾಗಿ ನಿಂತ. ಕಂಡಕ್ಟರ್ ನಿಲ್ಲುವುದು ಡ್ರೈವರಿಗೆ ಬೆನ್ನು ಹಾಕಿ, ಜನಕ್ಕೆ ಮುಖ ಮಾಡಿ. ಅವನ ಎಡ ಜನಕ್ಕೆ ಬಲ. ಬಾಯಲ್ಲಿ ಎಡ ಎನ್ನುತ್ತ ಎಡಗೈ ತೋರಿಸಿದರೆ, ಮಾತು ಕೇಳಿದವರು ಸರಿಯಾದ ಜಾಗ ಮುಟ್ಟುತ್ತಾರೆ, ಕೈ ನೋಡಿದವರು ಸೌತೆಕಾಯಿ ಮುದುಕಿಯ ಮುಂದೆ ನಿಲ್ಲುತ್ತಾರೆ. ಇಪ್ಪತ್ತಾರು ವರ್ಷ.

ಆ ದಿನ ಕೆರೆಯನ್ನು ನೋಡಿದರು, ಏರಿಯ ಮೇಲೆ ಕೂತು ಸೌತೆಕಾಯಿಯನ್ನೂ ತಿಂದರು. ಆದರೆ ಗಂಗರಾಜು ನಗಲಿಲ್ಲ. ರೂಮಿಗೆ ಬಂದ ಮೇಲೆ, "ಚಿಕ್ಕಬೀರಯ್ಯ" ಎಂದ.

"ಯಾರು?"

"ಹಾಗಲವಾಡಿ ಕಡೆ ಮುದುಕ. ಕಿವಿ ಮಂದ. ಕಣ್ಣಿನ ಆಪರೇಶನ್ ಕ್ಯಾಂಪಿಗೆ ಅಂತ ಬಂದಿದ್ದ. ದಾರಿ ಹೇಳ್ದೆ. ಸಾಯಂಕಾಲ ವಾಪಸ್ ಹತ್ತುದ, ಸಿಗ್ಲಿಲ್ಲ ಕಣಪ್ಪ ಅಂದ. ನಾನು ಎಲ್ಲರ ಮುಂದೆ ಬೈದೆ. ಕಿವಿ ಇಲ್ದಿದ್ರೆ ಮನೇಲಿರು ಅಂದೆ. ಮತ್ತೆ ಅವನು ಬರ್ಲೇ ಇಲ್ಲ." ಮಂಚದ ಮೇಲೆ ಗೋಡೆ ಕಡೆಗೆ ಹೊರಳಿ ಸೇರಿಸಿದ, "ಕುರುಡಾಗೇ ಸತ್ತ ಅಂತ ಹೇಳಿದ್ರು."

ಅಲ್ಲಿಂದ ಮುಂದಕ್ಕೆ ಅವರ ತಿರುಗಾಟಕ್ಕೆ ಒಂದು ಕೆಲಸ ಬಂತು. ಯಾರು ಯಾರಿಗೆ ಎಲ್ಲೆಲ್ಲಿಗೆ ದಾರಿ ಹೇಳಿದ್ದನೋ ಅದನ್ನೆಲ್ಲ ನಡೆದು ನೋಡಬೇಕು. ರೇಡಿಯೇಶನ್ ಮುಗಿಸಿ, ಮೊಸರನ್ನ ಕಲಸಿಕೊಂಡು ಹೊರಡುತ್ತಿದ್ದರು. ಪ್ರಮೀಳಾ ಪ್ಯಾಸೆಂಜರು. ಬೇಕೆಂದೇ ಮಂದ ಕಿವಿಯವಳಾಗುತ್ತಿದ್ದಳು. "ಎಲ್ಲಿ ಸ್ವಾಮಿ ಟೌನ್‌ಹಾಲು?" ಎಂದರೆ ಗಂಗರಾಜು ಎದುರಿಗೆ ನಿಂತು, ಯೋಚಿಸಿ, ತನಗೆ ತಪ್ಪೆನಿಸುವ ಕೈಯನ್ನು ಎತ್ತಬೇಕು. ಹತ್ತರಲ್ಲಿ ಆರು ಸಲ ಹಳೇ ಕೈಯೇ ಏಳುತ್ತಿತ್ತು. "ಡಿಪೋಗೆ ಕಳಿಸ್ತೀಯೇನಪ್ಪ ನನ್ನ?" ಎನ್ನುತ್ತಿದ್ದಳು ಅವಳು. ದಾರಿಹೋಕರು ನಿಂತು ನೋಡುತ್ತಿದ್ದರು.

ಕ್ಯಾತಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿಯನ್ನು ಹಾಲಿಗೆ ಕಿವುಚಿಕೊಂಡು ತಿಂದ. ಆಗಲೇ ಗಂಟಲು ಸುಟ್ಟುಹೋಗಿ ಚಟ್ನಿ ದೂರವಾಗಿತ್ತು. ನಾಮದ ಚಿಲುಮೆಗೆ ಹೋದ ದಿನ ಇನ್ನೊಂದು ತಪ್ಪು ಸಿಕ್ಕಿತು. ಅದು ಸ್ಟ್ಯಾಂಡಿನಿಂದ ಹತ್ತು ನಿಮಿಷದ ನಡಿಗೆ ಎಂದು ಅವನು ಒಂದು ಮದುವೆ ದಿಬ್ಬಣಕ್ಕೇ ಹೇಳಿದ್ದನಂತೆ. ಆಟೋದಲ್ಲಿ ಎಷ್ಟು ಹೋದರೂ ಕಾಡೇ ಬರುತ್ತಿತ್ತು. ತಲುಪಿದ ಮೇಲೆ ಬಂಡೆಯೊಳಗಿನ ನೀರು ಮುಟ್ಟಿ, ಬೇಲಿಯಾಚೆಯ ಜಿಂಕೆಗಳ ಮುಂದೆ ಕೂತಿದ್ದಾಗ ತಿಪಟೂರಿನಿಂದ ಮಗಳು ಮಾನಸಾ ಫೋನ್ ಮಾಡಿದಳು.

"ಅಮ್ಮ, ಎಲ್ಲಿದೀರಾ?"

"ಜಿಂಕೆ ನೋಡ್ತಾ ಇದೀವಿ ಕಣೇ."

"ನೀವ್ ಟ್ರೀಟ್‌ಮೆಂಟಿಗೆ ಹೋಗಿರೋದಾ, ಟೂರಿಗಾ?"

ಪ್ರಮೀಳಾ ನಕ್ಕಳು, ಆಮೇಲೆ ಅವಳಿಗೆ ಭಯವಾಯಿತು. ಮದುವೆಯಾಗಿ ಇಪ್ಪತ್ತೆಂಟು ವರ್ಷ. ಭಾನುವಾರ ಬಂದರೆ ಲಗ್ನದ ಟ್ರಿಪ್ಪು, ಹಬ್ಬ ಬಂದರೆ ಸ್ಪೆಷಲ್ಲು. ಇಬ್ಬರೇ ಎಲ್ಲಿಗೂ ಹೋದವರಲ್ಲ. ಈಗ ಈ ರೋಗ ಕೊಟ್ಟ ದಿನಗಳಲ್ಲಿ ತಾನು ಬೆಳಗ್ಗೆ ಎದ್ದು ಇವತ್ತೆಲ್ಲಿಗೆ ಎಂದು ಯೋಚಿಸುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು. ಅವನಿಗೆ ಹೇಳಲಿಲ್ಲ. ಅವನ ಕುತ್ತಿಗೆಯ ಚರ್ಮ ಕಪ್ಪಗೆ ಸುಲಿಯುತ್ತಿತ್ತು. ಗುಟುಕು ನೀರು ನುಂಗಲು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಸಂಜೆ ರೂಮಿಗೆ ಬಂದು ಅವನು ಮಲಗಿದ ಮೇಲೆ ಅವಳು ಬಾಗಿಲ ಹೊರಗೆ ಕೂತು ಅಳುತ್ತಿದ್ದಳು. ಮರುದಿನ ಮತ್ತೆ "ಎಲ್ಲಿ ಸ್ವಾಮಿ" ಎನ್ನುತ್ತಿದ್ದಳು.

ಕೊನೆಯ ಭಾನುವಾರ ಕುಣಿಗಲ್. ಅದು ಅವಳ ಆಸೆ. ಆ ಕೆರೆಯನ್ನು ಒಮ್ಮೆ ನೋಡಬೇಕು ಎಂದು ಮದುವೆಯಾದ ಹೊಸತರಲ್ಲಿ ಕೇಳಿದ್ದಳು. ಏರಿಯ ಮೇಲೆ ಗಾಳಿ ಜೋರಾಗಿತ್ತು. ವಾಪಸು ಬರಲು ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಒಬ್ಬ ಹೆಂಗಸು ಚೀಲ ಹೊತ್ತುಕೊಂಡು ನೇರ ಗಂಗರಾಜು ಹತ್ತಿರವೇ ಬಂದಳು. ಅವನು ನಿಂತ ಭಂಗಿಯೇ ಹಾಗಿತ್ತೇನೋ.

"ಹುತ್ರಿದುರ್ಗದ ಬಸ್ ಎಲ್ಲಿ ನಿಲ್ತದಣ್ಣ?"

ಅವನು ಬಾಯಿ ತೆರೆದ. ದನಿ ಬರಲಿಲ್ಲ. ಆಗ ಅವಳ ಪಕ್ಕಕ್ಕೆ ಬಂದು, ಅವಳು ನೋಡುತ್ತಿದ್ದ ದಿಕ್ಕಿಗೇ ತಾನೂ ಮುಖ ಮಾಡಿ ನಿಂತು, ಆಗಷ್ಟೇ ಬೋರ್ಡು ಓದಿದ್ದ ಬಸ್ಸಿನ ಕಡೆಗೆ ಕೈ ಚಾಚಿದ. ಹೆಂಗಸು ಸೀದಾ ಹೋಗಿ ಹತ್ತಿದಳು. ಬಸ್ಸು ಹೊರಟು ಕಣ್ಮರೆಯಾಗುವ ತನಕ ಅವನು ನೋಡುತ್ತಲೇ ಇದ್ದ.

ದನಿ ಬಂತು. ಮೊದಲಿನದಲ್ಲ, ಗರಗಸ ಎಳೆದಂಥದು. ಆದರೂ ಜೂನಿನಲ್ಲಿ ಅವನು ಬಸ್ ಹತ್ತಿದ. ಯಾರಾದರೂ ದಾರಿ ಕೇಳಿದರೆ ಸಾಕು, ಇದ್ದಲ್ಲೇ ತಿರುಗಿ ಜನಕ್ಕೆ ಬೆನ್ನು ಹಾಕಿ ನಿಂತು ಕೈ ತೋರಿಸುತ್ತಿದ್ದ.

"ಏನ್ ಗಂಗಣ್ಣ, ರೋಗ ವಾಸಿಯಾದ್ಮೇಲೆ ನಮ್ ಮುಖ ನೋಡಕ್ಕೂ ಬೇಜಾರಾ?"

"ನಿನ್ ಮುಖ ನೋಡಿದ್ರೆ ನೀನು ಊರ್ ಸೇರಲ್ಲ ಕಣೋ."

ಹತ್ತು ತಿಂಗಳು ಹಾಗೆ ನಡೆಯಿತು. ಅವನು ಚಿಕ್ಕಬೀರಯ್ಯನ ಮನೆ ಹುಡುಕಿಕೊಂಡು ಒಂದು ಸಲ ಹಾಗಲವಾಡಿ ಕಡೆಗೂ ಹೋಗಿ ಬಂದ. ಮುದುಕನ ಸೊಸೆಗೆ ವಿಷಯವೇ ನೆನಪಿರಲಿಲ್ಲ. ಕಾಫಿ ಕೊಟ್ಟಳು. ಕುಡಿದು ಬಂದ.

ಈ ವರ್ಷ ಯುಗಾದಿ ಕಳೆದ ಮೇಲೆ ಕೆಮ್ಮಿನಲ್ಲಿ ರಕ್ತ ಬಂತು. ರೋಗ ಶ್ವಾಸಕೋಶಕ್ಕೆ ಇಳಿದಿತ್ತು. ಆಷಾಢದಲ್ಲಿ ಉಸಿರಾಟಕ್ಕೆ ಕುತ್ತಿಗೆಯಲ್ಲಿ ತೂತು ಮಾಡಿ ನಳಿಕೆ ಇಟ್ಟರು. ಅಲ್ಲಿಗೆ ಮಾತು ಪೂರ್ತಿ ನಿಂತಿತು. ಕೈಯೊಂದೇ ಉಳಿಯಿತು. ಶ್ರಾವಣದಲ್ಲಿ ಡಾಕ್ಟರು ಪ್ರಮೀಳಾಳನ್ನು ಹೊರಗೆ ಕರೆದು, ಮನೆಗೆ ಕರೆದುಕೊಂಡು ಹೋಗಿಬಿಡಿ ಎಂದರು.

ವ್ಯಾನಿನಲ್ಲಿ ತಲೆ ಡ್ರೈವರ್ ಕಡೆಗೆ, ಕಾಲು ಹಿಂದಿನ ಬಾಗಿಲ ಕಡೆಗೆ ಬರುವ ಹಾಗೆ ಮಲಗಿಸಿದರು. ಹೆಗ್ಗೆರೆ, ಮಲ್ಲಸಂದ್ರ ದಾಟಿತು. ಅವನು ಕಣ್ಣು ಮುಚ್ಚಿಯೇ ಇದ್ದ. ಡ್ರೈವರ್ ಆ ಕಡೆಗೆ ಹೊಸಬ. ಗುಬ್ಬಿಗೆ ಬಂದಾಗ ವೇಗ ಇಳಿಸಿ, ತಿರುಗಿ ನೋಡದೆ ಕೇಳಿದ.

"ಅಕ್ಕ, ಚೇಳೂರಿಗೆ ಇಲ್ಲಿ ಎಡಕ್ಕಾ, ಬಲಕ್ಕಾ?"

ಪ್ರಮೀಳಾಗೆ ಆ ಕ್ಷಣಕ್ಕೆ ಏನೂ ತೋಚಲಿಲ್ಲ. ಎಷ್ಟು ಸಲ ಬಂದಿದ್ದ ದಾರಿ. ಅವಳು ಗಂಡನ ಮುಖ ನೋಡಿದಳು. ಅವನು ಕಣ್ಣು ತೆರೆದಿದ್ದ. ಬಲಗೈಯನ್ನು ಹೊದಿಕೆಯ ಮೇಲಿನಿಂದ ಗೇಣುದ್ದ ಎತ್ತಿದ. ಅಲ್ಲೇ ನಿಲ್ಲಿಸಿದ. ಬಸ್ಸಿನಲ್ಲಿ ಜನಕ್ಕೆ ಮುಖ ಮಾಡಿ ನಿಂತಾಗಿನ ಹಾಗೆ, ಹಿಂದಿನ ಗಾಜಿನಲ್ಲಿ ರಸ್ತೆ ಹಿಂದಕ್ಕೆ ಸರಿಯುತ್ತಿತ್ತು, ಅದನ್ನು ನೋಡಿದ. ಬಲಗೈಯನ್ನು ಮೆಲ್ಲಗೆ ಇಳಿಸಿ ಎದೆಯ ಮೇಲಿಟ್ಟುಕೊಂಡು, ಎಡಗೈ ಎತ್ತಿ ತೋರಿಸಿದ.

"ಬಲಕ್ಕೆ" ಎಂದಳು ಪ್ರಮೀಳಾ. ವ್ಯಾನು ಚೇಳೂರಿನ ರಸ್ತೆಗೆ ತಿರುಗಿತು. ಪೂರ್ತಿ ತಿರುಗಿ ನೇರವಾಗುವ ತನಕ ಅವನು ಆ ಕೈಯನ್ನು ಇಳಿಸಲಿಲ್ಲ.